ಎರಡು ಸಲ ತಟ್ಟುವುದು

ಗೇಟಿಗೆ ಕಟ್ಟಿದ್ದ ಬ್ಯಾನರಿನ ಮೂರು ಮೂಲೆ ಬಿಚ್ಚಿಯಾಗಿತ್ತು. ನಾಲ್ಕನೆಯದರ ಗಂಟು ಉಗುರಿಗೂ ಬಗ್ಗಲಿಲ್ಲ, ಹಲ್ಲಿಗೂ ಬಗ್ಗಲಿಲ್ಲ. ಹೊರಗೆ ನಿಲ್ಲಿಸಿದ್ದ ಬಸ್ಸಿನ ಸಾಮಾನು ಪೆಟ್ಟಿಗೆಯಿಂದ ಕಟರ್ ತರೋಣವೆಂದು ಅವಳು ತಿರುಗಿದರೆ ಹಿಂದೆಯೇ ಅಣ್ಣ ನಿಂತಿದ್ದ.

"ಅದನ್ನ ಈಗಷ್ಟೇ ಕಟ್ಟಿಸಿದೀನಿ ಕಣೆ," ಎಂದ.

ಬ್ಯಾನರಿನಲ್ಲಿ ಅಮ್ಮನ ಹಳೆಯ ಫೋಟೋ ಇತ್ತು. ಅದರ ಕೆಳಗೆ 'ಅಕ್ಷರ ಸಾಗರದ ಆರದ ದೀಪ' ಎಂದು ಬಂಗಾರದ ಬಣ್ಣದಲ್ಲಿ ಬರೆದಿತ್ತು. ಅದರ ಕೆಳಗೆ, ಅಮ್ಮನ ಹೆಸರಿಗಿಂತ ದಪ್ಪ ಅಕ್ಷರದಲ್ಲಿ, ಶಾಲೆ ನಡೆಸುವ ಸಂಸ್ಥೆಯ ಹೆಸರು.

"ಸಾಗರದಲ್ಲಿ ದೀಪ ಇಟ್ರೆ ಆರದೆ ಇನ್ನೇನು ಮಾಡುತ್ತೆ ಅಣ್ಣ? ಅಮ್ಮ ನೋಡಿದ್ರೆ ಎದ್ದು ಬಂದು ಹರೀತಿದ್ಲು."

"ಅಮ್ಮ ಏಳಲ್ಲ," ಎಂದ ಅಣ್ಣ. ಅಂದ ಮೇಲೆ ಆ ಮಾತು ತನಗೇ ಕೇಳಿಸಿದಂತಾಗಿ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದ. ಗಾಜಿನಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

ಮುಂದಿನ ಕೋಣೆಯಲ್ಲಿ ಬಿಳಿಯ ಹೊದಿಕೆಯ ಕೆಳಗೆ ಮಲಗಿದ್ದ ಅಮ್ಮನನ್ನು ಊರು ಉಪಮೆ ಟೀಚರ್ ಎನ್ನುತ್ತಿತ್ತು. ಸಂಸ್ಥೆಯ ಶಾಲೆಯಲ್ಲಿ ಭಾಷೆಯ ಪಾಠ ಹೇಳಿ, ಅಲಂಕಾರಗಳನ್ನು ಎರಡು ತಲೆಮಾರಿನ ಮಕ್ಕಳ ನಾಲಿಗೆಗೆ ಹತ್ತಿಸಿದವಳು. ಬಹಳ ವರ್ಷಗಳ ಹಿಂದೆ ಅದೇ ಸಂಸ್ಥೆ ಅವಳನ್ನು ಕೆಲಸದಿಂದ ಕಿತ್ತು ಹಾಕಿತ್ತು. ಆಮೇಲೆ ಶಾಲೆಯ ವಾರ್ಷಿಕ ಸಮಾರಂಭಕ್ಕೆ ಕರೆದರೆ ಹೋಗಲಿಲ್ಲ, ಸನ್ಮಾನಕ್ಕೆ ಕರೆದರೂ ಹೋಗಲಿಲ್ಲ. ಈಗ ಸಂಸ್ಥೆಗೆ ಐವತ್ತು ತುಂಬುವ ಸಂಭ್ರಮ ಹತ್ತಿರ ಬಂದಿತ್ತು. ಹಳೆಯ ವಿದ್ಯಾರ್ಥಿಗಳು ಉಪಮೆ ಟೀಚರ್ ಇಲ್ಲದ ವೇದಿಕೆಗೆ ನಾವೂ ಬರುವುದಿಲ್ಲ ಎಂದು ಹಟ ಹಿಡಿದಿದ್ದರು. ಬದುಕಿದ್ದಾಗ ಕರೆದರೆ ಬಾರದವಳು ಈಗ ಬಾರದೆ ಇರುವ ಹಾಗಿರಲಿಲ್ಲ.

ಬೆಳಿಗ್ಗೆ ಸಂಸ್ಥೆಯ ಗುಮಾಸ್ತ ಬಂದು ಎಲ್ಲವನ್ನೂ ಅಚ್ಚುಕಟ್ಟಾಗಿ ಹೇಳಿಹೋಗಿದ್ದ. ಚಿತಾಗಾರದ ಸಭಾಂಗಣದಲ್ಲಿ ಕಾರ್ಯದರ್ಶಿಗಳು ಮಾತಾಡುತ್ತಾರೆ. ಶಾಲೆಯ ಗ್ರಂಥಾಲಯಕ್ಕೆ ಟೀಚರ ಹೆಸರಿಡುವುದಾಗಿ ಘೋಷಿಸುತ್ತಾರೆ. ಅದಾದ ಮೇಲೆ ಮಗಳು ಮೈಕಿನ ಮುಂದೆ ನಿಂತು ಸಂಸ್ಥೆಗೆ ಎರಡು ಮಾತು ಕೃತಜ್ಞತೆ ಹೇಳಬೇಕು, ಒಂದು ಫೋಟೋ ಆಗಬೇಕು. ಹೋಗುವಾಗ ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತ, ನಿಮ್ಮ ಕೆಲಸ ಮುಂದುವರಿಸುವ ಪತ್ರ ಸರ್ ಮೇಜಿನ ಮೇಲೇ ಇದೆ, ಸಹಿ ಒಂದು ಬಾಕಿ ಎಂದೂ ಸೇರಿಸಿದ್ದ.

ಯಾಕೆಂದರೆ ಅವಳು ಅದೇ ಸಂಸ್ಥೆಯ ಬಸ್ಸು ಓಡಿಸುತ್ತಿದ್ದಳು. ಅವಳ ಮಗಳು ಅದೇ ಶಾಲೆಯಲ್ಲಿ, ಸಿಬ್ಬಂದಿಯ ಮಗು ಎಂಬ ರಿಯಾಯಿತಿಯಲ್ಲಿ ಓದುತ್ತಿದ್ದಳು. ಸಾವಿಗೆ ಬಂದವರನ್ನು ಚಿತಾಗಾರಕ್ಕೆ ಕರೆದೊಯ್ಯಲು ಕಾರ್ಯದರ್ಶಿಗಳು ದೊಡ್ಡ ಮನಸ್ಸು ಮಾಡಿ ಬಸ್ಸು ಬಿಟ್ಟುಕೊಟ್ಟಿದ್ದರು. ಬಸ್ಸು ಕೊಟ್ಟರೇ ಹೊರತು ಓಡಿಸುವವರನ್ನು ಕೊಡಲಿಲ್ಲ. ಆ ಬಸ್ಸಿನ ಕ್ಲಚ್ಚು ಅವಳ ಎಡಗಾಲಿನ ಮಾತನ್ನಷ್ಟೇ ಕೇಳುತ್ತಿತ್ತು. ಬೇರೆಯವರು ಕೂತರೆ ಎರಡು ಸಲ ಕುಪ್ಪಳಿಸಿ ನಿಂತುಬಿಡುತ್ತಿತ್ತು. ಹಾಗಾಗಿ ಅಮ್ಮ ಸತ್ತ ಮಾರನೆಯ ದಿನವೂ ಸ್ಟೀರಿಂಗ್ ಹಿಡಿಯಬೇಕಾದವಳು ಅವಳೇ.

"ನೋಡು," ಎಂದ ಅಣ್ಣ, ಕನ್ನಡಕ ಹಾಕಿಕೊಂಡು. "ಅಮ್ಮನ ಹೆಸರು ಗೋಡೆ ಮೇಲೆ ಇರುತ್ತೆ. ನಿನ್ನ ಅನ್ನಕ್ಕೆ ಕಲ್ಲು ಬೀಳಲ್ಲ. ಎರಡು ಮಾತು ಹೇಳೋದಕ್ಕೆ ಬಾಯಿ ನೋಯುತ್ತಾ ನಿಂಗೆ?"

"ಎಂಥಾ ಎರಡು ಮಾತು?"

"ನೀನು ಅಮ್ಮನ ಥರಾನೇ ಆಡ್ಬೇಡ," ಎಂದು ಅವನು ಒಳಗೆ ಹೋದ. ಅವನ ಜೀವಮಾನದ ದೂರು ಅದೊಂದೇ ವಾಕ್ಯದಲ್ಲಿ ಮುಗಿಯುತ್ತಿತ್ತು.

ಅವಳು ಕಟರ್ ತಂದು ಗಂಟು ಕತ್ತರಿಸಿದಳು. ಬ್ಯಾನರ್ ಸುತ್ತಿ ಬಸ್ಸಿನ ಹಿಂದಿನ ಸೀಟಿನ ಕೆಳಗೆ ತುರುಕಿದಳು.

*

ಟೀಚರ ಕ್ಲಾಸಿನಲ್ಲಿ ಒಂದು ಕಟ್ಟಳೆ ಇತ್ತು. ಯಾರ ಬಾಯಲ್ಲೇ ಅಲಂಕಾರ ಬರಲಿ, ಪಾಠದಲ್ಲೇ ಬರಲಿ, ಹೆಡ್‌ಮಾಸ್ತರು ಬಾಗಿಲಲ್ಲಿ ನಿಂತು ಬೈಯುವಾಗಲೇ ಬರಲಿ, ಹಿಡಿದವರು ಬೆಂಚಿನ ಮೇಲೆ ಎರಡು ಸಲ ತಟ್ಟಬೇಕು. ತಟ್ಟಿದ ಮೇಲೆ ಅದರ ಹೆಸರು ಹೇಳಬೇಕು. 'ಅಂತೆ' ಎಂದು ಹೋಲಿಸಿದರೆ ಉಪಮೆ. ಹೋಲಿಸುವ ಗೋಜಿಲ್ಲದೆ ಅದೇ ಇದು ಎಂದುಬಿಟ್ಟರೆ ರೂಪಕ. ಹೀಗಿರಬಹುದೇನೋ ಎಂದು ಕಲ್ಪಿಸಿದರೆ ಉತ್ಪ್ರೇಕ್ಷೆ. ಎಲ್ಲೆ ಮೀರಿ ಹೊಗಳಿದರೂ ಗೋಳಾಡಿದರೂ ಅತಿಶಯೋಕ್ತಿ. ಹೊಗಳಿದ ಹಾಗೆ ಮಾಡಿ ತೆಗಳಿದರೆ ವ್ಯಾಜಸ್ತುತಿ; ಅದನ್ನು ಹಿಡಿಯುವುದು ಕಷ್ಟ, ಅದಕ್ಕೆ ಟೀಚರ ಕಡೆಯಿಂದ ಒಂದು ಪೆನ್ಸಿಲ್ಲು ಬಹುಮಾನ.

ಒಮ್ಮೆ ಅವಳೇ ಎದ್ದು ಕೇಳಿದ್ದಳು. ಕ್ಲಾಸಿನಲ್ಲಿ ಅಮ್ಮನನ್ನು ಟೀಚರ್ ಎಂದೇ ಕರೆಯಬೇಕಿತ್ತು.

"ಟೀಚರ್, ಅಲಂಕಾರಕ್ಕೂ ಸುಳ್ಳಿಗೂ ಏನು ವ್ಯತ್ಯಾಸ? ಮುಖ ಚಂದ್ರ ಅಂದ್ರೂ ಸುಳ್ಳೇ ಅಲ್ವಾ?"

ಅಮ್ಮ ಸೀಮೆಸುಣ್ಣ ಕೆಳಗಿಟ್ಟು ಕೈ ಒರೆಸಿಕೊಂಡಳು. ಮಗಳ ಪ್ರಶ್ನೆ ಎಂದು ಖುಷಿಪಟ್ಟಿದ್ದನ್ನು ತೋರಗೊಡಲಿಲ್ಲ.

"ಮುಖ ಚಂದ್ರ ಅಂದಾಗ ಅದು ಚಂದ್ರ ಅಲ್ಲ ಅಂತ ಹೇಳಿದೋನಿಗೂ ಗೊತ್ತು, ಕೇಳಿದೋನಿಗೂ ಗೊತ್ತು. ಇಬ್ಬರೂ ಸೇರಿ ಆಡೋ ಆಟ ಅದು. ಸುಳ್ಳು ಹಾಗಲ್ಲ. ಹೇಳೋನಿಗೆ ಮಾತ್ರ ಗೊತ್ತಿರುತ್ತೆ. ಕೇಳೋನಿಗೆ ಗೊತ್ತಾಗಬಾರದು ಅಂತಾನೇ ಅವನು ಅಷ್ಟು ಚಂದ ಮಾಡಿ ಹೇಳೋದು."

"ಹಾಗಾದ್ರೆ ಸುಳ್ಳು ಬಂದಾಗ ಏನು ಮಾಡೋದು?"

"ಎರಡು ಸಲ ತಟ್ಟು. ಹೆಸರು ಹೇಳಬೇಡ. ಸುಮ್ಮನೆ ಕೂತ್ಕೋ. ನೀನು ಸುಮ್ಮನಿರೋದು ಎಲ್ಲರಿಗೂ ಕೇಳಿಸ್ಬೇಕು."

ಇನ್ನೊಂದು ಅಲಂಕಾರವನ್ನು ಮಾತ್ರ ಅಮ್ಮ ವರ್ಷದ ಕೊನೆಗೆ ಇಟ್ಟುಕೊಳ್ಳುತ್ತಿದ್ದಳು. ಸ್ವಭಾವೋಕ್ತಿ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಕರು ಬಾಲ ಎತ್ತಿ ಓಡಿದರೆ ಕರು ಬಾಲ ಎತ್ತಿ ಓಡಿತು ಎನ್ನುವುದು. ಇದೂ ಒಂದು ಅಲಂಕಾರವೇ ಎಂದು ಮಕ್ಕಳು ನಗುತ್ತಿದ್ದವು. ನಗುವವರನ್ನು ಮುಂದೆ ಕರೆದು, ನಿಮ್ಮ ಮನೆಯವರೊಬ್ಬರ ಬಗ್ಗೆ ಒಂದೇ ನಿಮಿಷ ಹೇಳಿ ನೋಡೋಣ, ಯಾರೂ ತಟ್ಟಬಾರದು ಎನ್ನುತ್ತಿದ್ದಳು. ಒಬ್ಬರೂ ಗೆದ್ದಿರಲಿಲ್ಲ. 'ನಮ್ಮಪ್ಪ ಹುಲಿ' ಎನ್ನುವಷ್ಟರಲ್ಲಿ ಕ್ಲಾಸೆಲ್ಲ ಬೆಂಚು ಬಡಿಯುತ್ತಿತ್ತು. ಅವಳು ಸೋತದ್ದು 'ನಮ್ಮಮ್ಮ ನನ್ನ ಪ್ರಾಣ' ಎಂಬಲ್ಲಿ. ಬೆಂಚುಗಳಿಗಿಂತ ಮೊದಲು ಮೇಜು ತಟ್ಟಿದವಳು ಅಮ್ಮನೇ.

*

ಶವದ ಗಾಡಿ ಮುಂದೆ ಹೊರಟಿತು. ಅವಳು ಬಸ್ಸನ್ನು ಅದರ ಹಿಂದೆ ಬಿಟ್ಟಳು. ಬಸ್ಸಿನ ಮೈಮೇಲೆ ಹಳದಿಯ ಮೇಲೆ ಕಡುನೀಲಿಯಲ್ಲಿ 'ನಾವೆಲ್ಲ ಒಂದೇ ಕುಟುಂಬ' ಎಂದು ಬರೆದಿತ್ತು, ಸಂಸ್ಥೆಯ ಧ್ಯೇಯವಾಕ್ಯ. ಒಳಗೆ, ಮಕ್ಕಳ ಅಳತೆಯ ಸೀಟುಗಳಲ್ಲಿ ದೊಡ್ಡವರು ಮೊಣಕಾಲು ಎದೆಗೊತ್ತಿಕೊಂಡು ಕೂತಿದ್ದರು. ಬಹುಪಾಲು ಅಮ್ಮನ ಹಳೆಯ ವಿದ್ಯಾರ್ಥಿಗಳೇ. ಆಸ್ಪತ್ರೆಯ ನರ್ಸ್ ಒಬ್ಬಳು ಪಾಳಿ ಮುಗಿಸಿ ಹಾಗೇ ಬಂದಿದ್ದಳು. ಊರಿಗೆಲ್ಲ ವೈರಿಂಗ್ ಮಾಡುವ, ಎಲ್ಲರೂ 'ಕರೆಂಟು' ಎಂದೇ ಕರೆಯುವ ಗಡ್ಡದವನಿದ್ದ. ಡ್ರೈವರ್ ಸೀಟಿನ ಹಿಂದೆಯೇ ಗಂಟೆ ಅಕ್ಕ ಕೂತಿದ್ದಳು. ಒಂದು ಕಾಲಕ್ಕೆ ಶಾಲೆಯ ಕಸ ಗುಡಿಸಿ, ಗಂಟೆ ಹೊಡೆದು, ಬಿದ್ದ ಮಕ್ಕಳ ಮೊಣಕಾಲು ತೊಳೆದು ಕಳಿಸುತ್ತಿದ್ದವಳು. ಈಗ ಬೆನ್ನು ಬಾಗಿತ್ತು, ಗಂಟಲು ಬಾಗಿರಲಿಲ್ಲ.

"ಮಗಳೇ, ನಿಧಾನ ಹೋಗು," ಎಂದಳು ಗಂಟೆ ಅಕ್ಕ. "ಇವತ್ತು ಲೇಟಾದ್ರೆ ಯಾರೂ ಗೇಟ್ ಹಾಕಲ್ಲ."

ಹಿಂದಿನಿಂದ ಒಂದಿಬ್ಬರು ನಕ್ಕರು. ನಕ್ಕ ಮೇಲೆ ಸಾವಿನ ಬಸ್ಸಿನಲ್ಲಿ ನಗಬಹುದೋ ಬಾರದೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನರ್ಸ್ ಆಸ್ಪತ್ರೆಯ ಕೊನೆಯ ದಿನಗಳನ್ನು ಪಕ್ಕದವರಿಗೆ ಹೇಳುತ್ತಿದ್ದಳು. ಡಾಕ್ಟರು ಮನೆಯವರಿಗೆ ಧೈರ್ಯ ಹೇಳಲು, ನಿಮ್ಮ ತಾಯಿ ಹೋರಾಡ್ತಾ ಇದ್ದಾರೆ ಎಂದರಂತೆ. ಮಂಚದ ಕಂಬಿಯ ಮೇಲೆ ಉಂಗುರದ ಬೆರಳಿನಿಂದ ಟಕ್ ಟಕ್ ಎಂದಿತಂತೆ. ಟೀಚರ್ ಮಾಸ್ಕ್ ಸರಿಸಿ, "ರೂಪಕ ಡಾಕ್ಟರೇ, ನಾನು ಮಲಗಿದೀನಿ ಅಷ್ಟೇ," ಎಂದರಂತೆ. ಡಾಕ್ಟರಿಗೆ ಏನೂ ಅರ್ಥವಾಗದೆ ಜ್ವರ ನೋಡಿ ಎಂದು ಬರೆದುಹೋದರಂತೆ.

ಅದು ನಿಜವೇ. ಅವಳು ಅಲ್ಲೇ ನಿಂತಿದ್ದಳು. ಅವಳಿಗೆ ಆಗ ಬಂದದ್ದು ನಗೆಯಲ್ಲ, ಸಿಟ್ಟು. ಸಾಯುವಾಗಲಾದರೂ ನಮ್ಮ ಮಾತನ್ನು ಮಾತಿನಂತೆ ಬಿಡಬಾರದೇ ಎಂದು.

ಆ ಸಿಟ್ಟು ಹಳೆಯದು. ಗಂಡ ಬಿಟ್ಟುಹೋದ ವಾರ, ಮಗುವನ್ನು ಸೊಂಟದ ಮೇಲಿಟ್ಟುಕೊಂಡು ತವರಿಗೆ ಬಂದವಳು ಅಡುಗೆಮನೆಯ ಬಾಗಿಲಿಗೆ ಒರಗಿ, "ನನ್ನ ಬದುಕು ಮುಗಿದುಹೋಯ್ತಮ್ಮ," ಎಂದಿದ್ದಳು. ಅಮ್ಮ ತರಕಾರಿ ಹೆಚ್ಚುತ್ತಿದ್ದ ಹಲಗೆಯ ಮೇಲೆ ಚಾಕುವಿನ ಹಿಡಿಯಿಂದ ಎರಡು ಸಲ ತಟ್ಟಿ, "ಅತಿಶಯೋಕ್ತಿ," ಎಂದಳು. ಅದರ ನಂತರ ಎಷ್ಟೋ ದಿನ ಅವಳು ಅಮ್ಮನ ಜೊತೆ ಮಾತಾಡಲಿಲ್ಲ. ಒಂದೇ ಮನೆ, ಒಂದೇ ಒಲೆ; ಉಪ್ಪು ಬೇಕಾದರೂ ಎದ್ದು ತಾನೇ ತೆಗೆದುಕೊಳ್ಳುತ್ತಿದ್ದಳು. ಕೊನೆಗೆ ಒಂದು ಬೆಳಿಗ್ಗೆ ಅಮ್ಮ ಮಗುವಿನ ಜಡೆ ಹಾಕುತ್ತ, ಯಾರಿಗೋ ಹೇಳುವವಳಂತೆ, "ಮುಗೀತು ಅನ್ನೋದು ಅಲಂಕಾರ ಅಂದ್ರೆ ಮುಗಿದಿಲ್ಲ ಅಂತ ತಾನೇ?" ಎಂದಿದ್ದಳು. ಅವಳು ಎದ್ದು ಹೋಗಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅದೇ ವಾರ ದೊಡ್ಡ ಗಾಡಿಯ ಲೈಸೆನ್ಸಿಗೆ ಅರ್ಜಿ ಹಾಕಿದಳು. ಸಂಸ್ಥೆಯ ಬಸ್ಸಿಗೆ ಡ್ರೈವರ್ ಬೇಕೆಂಬ ಸುದ್ದಿ ಬಂದಾಗ, ಹೋಗಲೋ ಬೇಡವೋ ಎಂದು ಅಮ್ಮನ ಮುಖ ನೋಡಿದಳು. ಅಮ್ಮ, "ಬಸ್ಸು ಅಂದ್ರೆ ಬಸ್ಸು. ಮಕ್ಕಳನ್ನ ಹುಷಾರಾಗಿ ಮನೆ ಮುಟ್ಟಿಸು," ಎಂದಷ್ಟೇ ಹೇಳಿದಳು. ಆದರೆ ತಾನು ಮಾತ್ರ ಒಂದು ದಿನವೂ ಆ ಬಸ್ಸಿನ ಮೆಟ್ಟಿಲು ಹತ್ತಲಿಲ್ಲ. ಇವತ್ತೂ ಹತ್ತಲಿಲ್ಲ, ಬೇರೆ ಗಾಡಿಯಲ್ಲೇ ಹೋದಳು.

ಚಿತಾಗಾರ ಒಂದು ಓಣಿಯ ತುದಿಗೆ, ಎತ್ತರದ ಗೋಡೆಯ ಹಿಂದಿತ್ತು. ಒಳಗೆ ಕಾರ್ಯದರ್ಶಿಯ ಬಿಳಿಯ ಕಾರು ಮೊದಲೇ ಬಂದು ನಿಂತಿತ್ತು. ಶವದ ಗಾಡಿ ಅಮ್ಮನನ್ನು ಇಳಿಸಿ ಹೊರಟುಹೋಯಿತು. ಬಸ್ಸಿಗೆ ಅಂಗಳದಲ್ಲಿ ಜಾಗ ಸಾಲಲಿಲ್ಲ. ಇವತ್ತಿಗೆ ನಿಮ್ಮದೇ ಕೊನೇ ಸರದಿ, ಇನ್ಯಾರೂ ಬರೋರಿಲ್ಲ ಎಂದು ಕಾವಲಿನವನು ಬಸ್ಸನ್ನು ಗೇಟಿಗೆ ಅಡ್ಡವಾಗಿ ನಿಲ್ಲಿಸಲು ಹೇಳಿದ. ಗೋಡೆಗೂ ಬಸ್ಸಿಗೂ ನಡುವೆ ಒಬ್ಬರು ಮೈ ಓರೆ ಮಾಡಿಕೊಂಡು ದಾಟುವಷ್ಟು ಸಂದಿ ಉಳಿಯಿತು.

*

ಗಂಟೆ ಅಕ್ಕನನ್ನು ಶಾಲೆಯಿಂದ ತೆಗೆದ ದಿನ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿದ್ದರು. 'ನಮ್ಮ ಹಿರಿಯ ಸೇವಕಿಗೆ ಸಂಸ್ಥೆಯು ವಿಶ್ರಾಂತಿಯನ್ನು ದಯಪಾಲಿಸಿದೆ. ನಾವೆಲ್ಲ ಒಂದೇ ಕುಟುಂಬ.' ಓದಲು ಬಾರದ ಗಂಟೆ ಅಕ್ಕ ಪೊರಕೆ ಹಿಡಿದೇ ಬಂದು, ಏನು ಬರೆದಿದೆ ಎಂದು ಉಪಮೆ ಟೀಚರನ್ನು ಕೇಳಿದಳು. ಟೀಚರ್ ಓದಿ ಹೇಳಿದಳು.

"ಹಂಗಂದ್ರೆ ನಾಳೆ ಬರ್ಬೇಕೋ, ಬೇಡ್ವೋ?" ಎಂದಳು ಗಂಟೆ ಅಕ್ಕ.

ಟೀಚರ್ ಅವಳ ಕೈಯಿಂದ ಪೊರಕೆ ತೆಗೆದು ಗೋಡೆಗೆ ಒರಗಿಸಿದಳು.

ಆ ತಿಂಗಳ ಪರೀಕ್ಷೆಯಲ್ಲಿ ಅಲಂಕಾರದ ಪ್ರಶ್ನೆ ಹೀಗಿತ್ತು: 'ಕೆಳಗಿನ ವಾಕ್ಯದಲ್ಲಿರುವ ಅಲಂಕಾರವನ್ನು ಹೆಸರಿಸಿ, ಲಕ್ಷಣ ಸಮನ್ವಯ ಮಾಡಿ.' ಕೆಳಗೆ ನೋಟಿಸಿನ ಮೊದಲ ವಾಕ್ಯ, ಒಂದಕ್ಷರ ಬದಲಿಲ್ಲದೆ. ಮಕ್ಕಳು ತಲೆ ಕೆರೆದುಕೊಂಡರು. ಕೆಲವರು ರೂಪಕ ಎಂದರು, ಕೆಲವರು ಧೈರ್ಯ ಮಾಡಿ ವ್ಯಾಜಸ್ತುತಿ ಎಂದರು. ಕೊನೆಯ ಬೆಂಚಿನ ಕರೆಂಟು ಮಾತ್ರ ಉತ್ತರದ ಜಾಗದಲ್ಲಿ ಎರಡು ಗೆರೆ ಎಳೆದು, ಉಳಿದದ್ದನ್ನು ಖಾಲಿ ಬಿಟ್ಟಿದ್ದ. ಟೀಚರ್ ಅವನಿಗೆ ಪೂರ್ತಿ ಅಂಕ ಕೊಟ್ಟಳು.

ಪತ್ರಿಕೆ ಕಾರ್ಯದರ್ಶಿಯ ಕೈಗೆ ಹೋಗಲು ತಡವಾಗಲಿಲ್ಲ. ಅವರು ಕರೆಸಿ ಕ್ಷಮಾಪಣೆ ಬರೆದುಕೊಡಿ ಎಂದರು. ವಿಶ್ರಾಂತಿ ಎಂಬುದು ಯಾವ ಅಲಂಕಾರ ಎಂದು ತಾವು ಹೇಳಿ, ಈಗಲೇ ಬರೆಯುತ್ತೇನೆ ಎಂದಳು ಅಮ್ಮ. ಅಲ್ಲಿಗೆ ಮುಗಿಯಿತು. ಮಾರನೆಯ ದಿನದಿಂದ ಅವಳು ಊರಿನ ಸಣ್ಣ ಪ್ರೆಸ್ಸಿನಲ್ಲಿ ಪ್ರೂಫ್ ನೋಡಲು ಕೂತಳು. ಜಾಹೀರಾತಿನವರ 'ಅಪೂರ್ವ'ಗಳನ್ನೂ 'ಅಪ್ರತಿಮ'ಗಳನ್ನೂ ಹೊಡೆದು ಹಾಕಿ ಬೈಸಿಕೊಳ್ಳುತ್ತ ಉಳಿದ ವರ್ಷಗಳನ್ನು ಕಳೆದಳು. ನನ್ನಿಂದ ನಿಮ್ಮ ಕೆಲಸ ಹೋಯ್ತಲ್ಲ ಎಂದು ಗಂಟೆ ಅಕ್ಕ ಮನೆಗೆ ಬಂದು ಗೋಳಾಡಿದಾಗ, "ನಿನ್ನಿಂದ ಅಂತ ನೀನು ಅಂದ್ರೆ, ತೆಗೆದೋರಿಗೆ ಪುಕ್ಕಟೆ ಬಿಡುಗಡೆ. ಆ ಉಪಕಾರ ಮಾಡ್ಬೇಡ. ಕೂತ್ಕೋ, ಚಹಾ ಕುಡಿ," ಎಂದಿದ್ದಳು.

*

ಸಭಾಂಗಣದ ತುಂಬ ಪ್ಲಾಸ್ಟಿಕ್ ಕುರ್ಚಿಗಳು. ಮುಂದೆ ಉಕ್ಕಿನ ಹಲಗೆಯ ಮೇಲೆ ಅಮ್ಮ. ಆಚೆ ಬದಿಯಲ್ಲಿ ಕುಲುಮೆಯ ಬಾಗಿಲು. ಅದರ ಪಕ್ಕ ನೀಲಿ ಅಂಗಿಯ ಕೆಲಸಗಾರ ಗೋಡೆಗೆ ಒರಗಿ ತನ್ನ ಸರದಿಗೆ ಕಾಯುತ್ತಿದ್ದ. ಮೊದಲ ಸಾಲಿನಲ್ಲಿ ಅಣ್ಣ, ಅವನ ಪಕ್ಕ ಅವಳು. ಅವಳ ಜೇಬಿನಲ್ಲಿ ಬಸ್ಸಿನ ಕೀಲಿ ತೊಡೆಗೆ ಒತ್ತುತ್ತಿತ್ತು.

ಕಾರ್ಯದರ್ಶಿ ಮೈಕ್ ಸರಿಮಾಡಿಕೊಂಡರು. ಒಳ್ಳೆಯ ಕಂಠ ಅವರದು, ತಮ್ಮ ಕಂಠ ಒಳ್ಳೆಯದೆಂದು ಅವರಿಗೂ ಗೊತ್ತಿತ್ತು.

"ನಮ್ಮ ಟೀಚರ್ ಬೆಳದಿಂಗಳಿನಂತೆ ತಂಪಾದ ಜೀವ," ಎಂದು ಶುರುಮಾಡಿದರು.

ಹಿಂದಿನ ಸಾಲಿನಿಂದ ಟಕ್ ಟಕ್ ಎಂದಿತು. ಕುರ್ಚಿಯ ಬೆನ್ನಿನ ಮೇಲೆ ಗೆಣ್ಣಿನ ಸದ್ದು. "ಉಪಮೆ," ಎಂದಿತು ಕರೆಂಟಿನ ದನಿ. ಬೇಕೆಂದು ಮಾಡಿದ್ದಲ್ಲ ಎಂದು ಅವಳಿಗೆ ತಿಳಿಯಿತು. ಕೈ ತಾನೇ ಹೋಗಿತ್ತು. ಕರೆಂಟಿನ ಮುಖವೇ ಬಿಳಿಚಿಕೊಂಡಿತ್ತು. "ಬೆಳದಿಂಗಳಂತೆ, ಬೆಳದಿಂಗಳು. ಟೀಚರ್ ಹಿಂಡಿದ ನನ್ನ ಕಿವಿಯನ್ನ ಕೇಳಿ," ಎಂದು ಅವನು ಪಕ್ಕದವನಿಗೆ ಗೊಣಗಿದ.

ಕಾರ್ಯದರ್ಶಿ ಒಂದು ಕ್ಷಣ ನಿಂತರು. ಆಮೇಲೆ ಅವರ ಮುಖ ಅರಳಿತು. ಜನ ಟೀಚರನ್ನು ಅಕ್ಕರೆಯ ಹೆಸರಿನಿಂದ ಕರೆಯುತ್ತಿದ್ದಾರೆಂದು ಅವರು ತಿಳಿದರು. "ಹೌದು, ನಮ್ಮೆಲ್ಲರ ಉಪಮೆ ಟೀಚರ್," ಎಂದು ಕೈ ಮುಗಿದರು. ಹುರುಪು ಬಂದು, "ಅವರು ಜ್ಞಾನದ ಪರ್ವತ," ಎಂದರು.

ಟಕ್ ಟಕ್. ಈ ಸಲ ಮೂರು ನಾಲ್ಕು ಕಡೆಯಿಂದ. "ರೂಪಕ."

ಅಣ್ಣ ಹಿಂದೆ ತಿರುಗಿ ಕಣ್ಣು ಬಿಟ್ಟ. ಯಾರೂ ಅವನತ್ತ ನೋಡಲಿಲ್ಲ. ಕಾರ್ಯದರ್ಶಿ, ಇದು ಟೀಚರ ಶಿಷ್ಯರ ಯಾವುದೋ ಗೌರವದ ರೀತಿ ಇರಬೇಕೆಂದು, ಪ್ರತಿ ಮಾತಿನ ಕೊನೆಗೂ ತಟ್ಟಲು ಅವಕಾಶ ಕೊಟ್ಟು ನಿಲ್ಲತೊಡಗಿದರು. ಟೀಚರ ಅಗಲಿಕೆಗೆ ಶಾಲೆಯ ಗೋಡೆಗಳು ಅಳುತ್ತಿವೆಯೋ ಎಂಬಂತೆ ನಿನ್ನೆಯಿಂದ ಒದ್ದೆಯಾಗಿವೆ ಎಂದರು. ಉತ್ಪ್ರೇಕ್ಷೆ ಎಂದಿತು ಅರ್ಧ ಸಭೆ. ಪೈಪು ಸೋರುತ್ತಿದೆ ಎಂದಳು ಗಂಟೆ ಅಕ್ಕ, ಮೆಲ್ಲಗೇನೂ ಅಲ್ಲ. ಭೂಮಿ ಇರುವವರೆಗೂ ಈ ಹೆಸರು ಅಳಿಯದು ಎಂದರು. ಅತಿಶಯೋಕ್ತಿ ಎಂದಿತು ಇಡೀ ಸಭೆ, ನರ್ಸಿನಿಂದ ಹಿಡಿದು ಬಾಗಿಲಲ್ಲಿ ನಿಂತವರವರೆಗೆ. ಕಣ್ಣಲ್ಲಿ ನೀರಿದ್ದವರ ಬಾಯಲ್ಲೂ ನಗು ತುಳುಕುತ್ತಿತ್ತು. ತೊಡೆಯ ಮೇಲೆ ತನ್ನ ಬೆರಳೂ ಎರಡು ಸಲ ಬಡಿದದ್ದನ್ನು ಅವಳು ನೋಡಿಕೊಂಡಳು.

ಆಗ ಕಾರ್ಯದರ್ಶಿ ದನಿ ಇಳಿಸಿದರು.

"ಅನಾರೋಗ್ಯದ ಕಾರಣಕ್ಕೆ ಟೀಚರೇ ನಮ್ಮಲ್ಲಿ ಬಂದು ವಿಶ್ರಾಂತಿ ಕೇಳಿದರು. ಒಲ್ಲದ ಮನಸ್ಸಿನಿಂದ ಒಪ್ಪಿದೆವು. ಕೊನೆಯವರೆಗೂ ಅವರು ನಮ್ಮ ಕುಟುಂಬದವರಾಗಿಯೇ ಇದ್ದರು."

ಟಕ್ ಟಕ್. ಗಂಟೆ ಹೊಡೆದು ಪಳಗಿದ ಕೈ ಅದು. ಅದರ ಬೆನ್ನಿಗೇ ಸಭಾಂಗಣದ ಎಲ್ಲ ಕುರ್ಚಿಗಳೂ ಒಟ್ಟಿಗೆ ಸದ್ದು ಮಾಡಿದವು. ಕಾರ್ಯದರ್ಶಿ ನಿಂತು ಕಾದರು. ಯಾರೂ ಹೆಸರು ಹೇಳಲಿಲ್ಲ. ಫ್ಯಾನು ತಿರುಗುವುದು ಕೇಳಿಸಿತು. ಕುಲುಮೆಯೊಳಗಿನ ಗುಯ್‌ಗುಡುವಿಕೆ ಕೇಳಿಸಿತು. ಕಾರ್ಯದರ್ಶಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡಿ, ಗಂಟಲು ಸರಿಮಾಡಿ, ಗ್ರಂಥಾಲಯದ ಘೋಷಣೆಯನ್ನು ಗಡಿಬಿಡಿಯಲ್ಲಿ ಓದಿ ಮುಗಿಸಿ, ಈಗ ಟೀಚರ ಮಗಳು ಎರಡು ಮಾತು ಎಂದರು.

ಗುಮಾಸ್ತ ಮೊಬೈಲ್ ಎತ್ತಿ ಫೋಟೋಗೆ ಸಿದ್ಧನಾದ. ಅಣ್ಣ ಅವಳ ಮಣಿಕಟ್ಟು ಹಿಡಿದು, "ಥ್ಯಾಂಕ್ಸ್ ಅಂದು ಕೂತ್ಕೊಂಡ್ಬಿಡೆ, ಪ್ಲೀಸ್," ಎಂದ.

ಅವಳು ಮೈಕಿನ ಮುಂದೆ ನಿಂತಳು. ಮೇಜಿನ ಮೇಲೆ ಕಾಯುತ್ತಿರುವ ಪತ್ರ ಕಣ್ಣೆದುರು ಬಂತು. ಮಗಳ ಹೊಸ ಯೂನಿಫಾರಂ ಬಂತು. ಬೆಳೆಯುವ ಹುಡುಗಿಯೆಂದು ಅಂಚು ದೊಡ್ಡದು ಬಿಟ್ಟು ಹೊಲಿಸಿದ್ದಳು. ಸಭಾಂಗಣದ ತುಂಬ ಗೆಣ್ಣುಗಳು ಕುರ್ಚಿಗಳ ಬೆನ್ನಿನಿಂದ ಮೇಲೆದ್ದು ನಿಂತಿದ್ದವು. ಅವಳು ಅವನ್ನೇ ನೋಡಿದಳು.

"ನಮ್ಮಮ್ಮ ಟೀಚರ್ ಆಗಿದ್ದರು," ಎಂದಳು. "ಮಕ್ಕಳಿಗೆ ಅಲಂಕಾರ ಹೇಳಿಕೊಡ್ತಿದ್ದರು. ತಪ್ಪು ಹೇಳಿದೋರ ಕಿವಿ ಹಿಂಡ್ತಿದ್ದರು. ಚಹಾಗೆ ಸಕ್ಕರೆ ಜಾಸ್ತಿ ಹಾಕ್ಕೋತಿದ್ದರು. ಸಂಜೆ ಹೊತ್ತಿಗೆ ಅವರ ಕಾಲು ಊದಿಕೊಳ್ತಿತ್ತು, ಬಕೆಟ್ಟಲ್ಲಿ ಬಿಸಿನೀರು ಹಾಕಿ ಇಳಿಬಿಟ್ಕೊಂಡು ಪೇಪರ್ ತಿದ್ದೋರು. ಗಂಟೆ ಅಕ್ಕನನ್ನ ಕೆಲಸದಿಂದ ತೆಗೆದಾಗ ಪರೀಕ್ಷೆಯಲ್ಲಿ ಅದರ ಬಗ್ಗೆ ಪ್ರಶ್ನೆ ಕೇಳಿದರು. ಅದಕ್ಕೆ ಅವರನ್ನೂ ತೆಗೆದರು. ಅವರು ವಿಶ್ರಾಂತಿ ಕೇಳಲಿಲ್ಲ. ತೆಗೆದೋರು ಈಗ ಇಲ್ಲಿ ಮಾತಾಡಿದರು."

ಅಣ್ಣ ನೆಲ ನೋಡುತ್ತಿದ್ದ.

"ನಾನು ಅಳ್ತಾ ಮನೆಗೆ ಬಂದಾಗ ಅವರು ನನ್ನ ಜೊತೆ ಅಳಲಿಲ್ಲ. ನನ್ನ ಮಗಳಿಗೆ ದಿನಾ ಜಡೆ ಹಾಕಿದರು. ನಿನ್ನೆ ಬೆಳಿಗ್ಗೆ ಸತ್ತರು. ಅಷ್ಟೇ."

ಒಂದು ಗೆಣ್ಣೂ ಬೀಳಲಿಲ್ಲ. ಎತ್ತಿದ ಕೈಗಳು ಎತ್ತಿದಂತೆಯೇ ಇದ್ದವು. ಆಮೇಲೆ ಒಂದೊಂದಾಗಿ ಮುಷ್ಟಿ ಬಿಚ್ಚಿ ತೊಡೆಯ ಮೇಲೆ ಇಳಿದವು. ಕರೆಂಟು ಗಡ್ಡದ ಮೇಲೆ ನೀರು ಸುರಿಸುತ್ತ, ಪಾಠ ಒಪ್ಪಿಸುವವನಂತೆ, "ಸ್ವಭಾವೋಕ್ತಿ," ಎಂದ.

ನೀಲಿ ಅಂಗಿಯವನು ಮುಂದೆ ಬಂದ. "ಇನ್ನು ನೀವೆಲ್ಲ ಹಿಂದೆ ಸರೀರಿ. ಬಾಗಿಲು ತೆಗೆದ್ರೆ ಬಿಸಿ ಬಡಿಯುತ್ತೆ. ಬೂದಿ ನಾಳೆ ಬೆಳಿಗ್ಗೆ ಕೊಡ್ತೀವಿ."

"ಇವನು ಟೀಚರಿಗೆ ಹಿಡಿಸ್ತಿದ್ದ," ಎಂದಳು ಗಂಟೆ ಅಕ್ಕ.

*

ಹೊರಗೆ ಬಂದಾಗ ಗುಮಾಸ್ತ ಬಸ್ಸಿನ ಬಳಿ ನಿಂತಿದ್ದ. ಅವಳ ಮುಖ ನೋಡದೆ, ಸರ್ ಹೇಳಿದ್ದಾರೆ, ನಾಳೆಯಿಂದ ಬರೋದು ಬೇಡ, ಕೀಲಿ ಇಲ್ಲೇ ಕೊಟ್ಟುಹೋಗಿ ಎಂದ. ಆಮೇಲೆ ದನಿಯನ್ನು ಹದ ಮಾಡಿಕೊಂಡು, "ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಅಂದ್ರು," ಎಂದ.

ಅವಳು ಜೇಬಿನಿಂದ ಕೀಲಿ ತೆಗೆದು ಅವನ ಅಂಗೈಯಲ್ಲಿಟ್ಟಳು. "ಕ್ಲಚ್ಚು ಪೂರ್ತಿ ಒತ್ತಿ, ನಿಧಾನ ಬಿಡ್ಬೇಕು. ಇಲ್ಲಾಂದ್ರೆ ಹಾರುತ್ತೆ."

"ನಂಗೆ ಓಡಿಸೋಕೆ ಬರಲ್ವಲ್ಲ," ಎಂದ ಗುಮಾಸ್ತ.

ಆಗಲೇ ಅವನೂ ನೋಡಿದ್ದು. ಅವನ ಹಿಂದೆ ಬಿಳಿಯ ಕಾರಿನ ಎಂಜಿನ್ ಶುರುವಾಗಿತ್ತು. ಕಾರಿನ ಮುಂದೆ ಗೇಟು, ಗೇಟಿಗೆ ಅಡ್ಡ ಬಸ್ಸು. ಕಾರ್ಯದರ್ಶಿ ಹಿಂದಿನ ಸೀಟಿನಲ್ಲಿ ಗಾಜು ಏರಿಸಿಕೊಂಡು ಕೂತಿದ್ದರು. ಹಾರ್ನ್ ಒಮ್ಮೆ ಕೂಗಿತು.

ಗಂಟೆ ಅಕ್ಕ ಅವಳ ತೋಳು ಹಿಡಿದಳು. ಬಸ್ ಸ್ಟ್ಯಾಂಡು ದೂರವೇನಲ್ಲ, ನಡೆದರೆ ಚಹಾ ಹೊತ್ತಿಗೆ ಮುಟ್ಟಬಹುದು ಎಂದಳು. ಇಬ್ಬರೂ ಮೈ ಓರೆ ಮಾಡಿಕೊಂಡು ಗೋಡೆಗೂ ಬಸ್ಸಿಗೂ ನಡುವಿನ ಸಂದಿಗೆ ಇಳಿದರು. ಕಡುನೀಲಿಯ 'ನಾವೆಲ್ಲ ಒಂದೇ' ಎಂಬಷ್ಟು ಅಕ್ಷರಗಳು ಅವಳ ಮೂಗಿನ ಮುಂದೆಯೇ ಸರಿದುಹೋದವು. ಗಂಟೆ ಅಕ್ಕ, ಓದಲು ಬಾರದಿದ್ದರೂ ಆಕಾರದಿಂದಲೇ ಗುರುತಿದ್ದ 'ಕುಟುಂಬ'ದ ಹತ್ತಿರ ನಿಂತು, ಬಾಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿ, ಬಸ್ಸಿನ ತಗಡಿನ ಮೇಲೆ ಎರಡು ಸಲ ತಟ್ಟಿದಳು. ಹೆಸರು ಹೇಳಲಿಲ್ಲ.

ಹಿಂದೆ ಬಂದ ನರ್ಸ್ ತಟ್ಟಿದಳು. ಕರೆಂಟು ತಟ್ಟಿದ. ಒಬ್ಬೊಬ್ಬರಾಗಿ ಸಂದಿಯಲ್ಲಿ ದಾಟುತ್ತ, ಯಾರೂ ಏನೂ ಮಾತಾಡದೆ, ಅದೇ ಜಾಗದಲ್ಲಿ ತಟ್ಟಿದರು. ಖಾಲಿ ಬಸ್ಸು ಪ್ರತಿ ಸಲವೂ ಒಳಗಿನಿಂದ ಗುಂಯ್ ಎಂದಿತು. ಗೇಟಿನ ಒಳಗೆ ಹಾರ್ನ್ ಕೂಗುತ್ತಲೇ ಇತ್ತು.

ಎಲ್ಲರೂ ಓಣಿಗೆ ಬಂದರು. ಅಣ್ಣನೊಬ್ಬ ಒಳಗೆ ಉಳಿದಿದ್ದ. ಅವಳು ಅವನಿಗಾಗಿ ನಿಂತಳೇ ಹೊರತು ತಿರುಗಿ ನೋಡಲಿಲ್ಲ. ಸಂದಿಯಲ್ಲಿ ಅವನ ಷೂ ಜಲ್ಲಿಯ ಮೇಲೆ ಉಜ್ಜುವುದು ಕೇಳಿಸಿತು. ನಿಂತಿತು. ತಗಡಿನ ಮೇಲೆ ಒಂದು ಸದ್ದಾಯಿತು.

ಹಾರ್ನ್ ಇನ್ನೊಮ್ಮೆ ಉದ್ದಕ್ಕೆ ಕೂಗಿ ನಿಂತಿತು. ಗಂಟೆ ಅಕ್ಕ ಅವಳ ತೋಳನ್ನು ಬಿಗಿಹಿಡಿದಳು.

ಎರಡನೆಯದು ಕೇಳಿಸಿದ ಮೇಲೆ ಅವಳು ನಡೆಯತೊಡಗಿದಳು.